ಧುಪದಾಳ ಆಗಾಕ ಬಂತ್ರಿ

ಮಾಲಿಂಗಪ್ಪನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂಬುದು ಅವನ ಹೆಂಡತಿ ಪಾರವ್ವನಿಗೆ ಗೊತ್ತಾದದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ, ಅವಳಿಗೆ ಬಂದ ಜ್ವರ ಬಿಟ್ಟ ದಿನ.

ಆ ಮನೆಯಲ್ಲಿ ಕೈಗಡಿಯಾರಕ್ಕೆ ಕೀಲಿ ಕೊಡುವುದು ಅವಳ ಕೆಲಸ. ಗಂಡ ಲಿಂಗಪೂಜೆ ಮುಗಿಸಿ ಏಳುವ ಹೊತ್ತಿಗೆ ಕೀಲಿ ತಿರುಗಿಸಿ, ಸೆರಗಿನಿಂದ ಗಾಜು ಒರೆಸಿ, ಅವನ ಕೈಗೆ ಪಟ್ಟಿ ಬಿಗಿಯುತ್ತಿದ್ದಳು. ಬೆಳ್ಳಿ ರೂಪಾಯಿಗಿಂತ ದೊಡ್ಡ ಮುಖದ ಗಡಿಯಾರ ಅದು. ಅವಳ ಸೋದರಮಾವ ಹಿಂದಿನ ಜರ್ಮನ್ ಲಡಾಯಿಗೆ ಹೋದಾಗ ಬಸ್ರಾದಿಂದ ತಂದದ್ದು. ಮದುವೆಯಲ್ಲಿ ಅಳಿಯನಿಗೆ ಕೊಟ್ಟಿದ್ದ. ಜ್ವರದ ಮೂರು ದಿನ ಕೀಲಿ ಕೊಟ್ಟವರಿಲ್ಲ. ನಾಲ್ಕನೇ ದಿನ ಎದ್ದು ನೋಡಿದರೆ ಮುಳ್ಳುಗಳು ಒಂಬತ್ತಕ್ಕೆ ಕಾಲು ಗಂಟೆ ಇರುವಲ್ಲಿ ನಿಂತಿವೆ. ಆದರೆ ಆ ಮೂರೂ ದಿನ ಗಂಡ ಮುಂಗೈ ತಿರುಗಿಸಿ ತಿರುಗಿಸಿ ನೋಡಿದ್ದನ್ನು ಅವಳು ಹಾಸಿಗೆಯಿಂದಲೇ ಕಂಡಿದ್ದಳು. "ಹೊತ್ತಾತು, ಹೋಗತೇನಿ" ಎಂದಿದ್ದ. ದೀಪ ಹಚ್ಚುವ ಹೊತ್ತಿನಲ್ಲಿ ಅದನ್ನೇ ನೋಡಿ, "ಇವತ್ತ ಲಗೂನ ಬಂದೆ" ಎಂದಿದ್ದ.

ಪಾರವ್ವ ಕೀಲಿ ಕೊಟ್ಟು, ಮುಳ್ಳು ಸರಿಪಡಿಸಿ, ಏನೂ ಆಗಿಲ್ಲವೆಂಬಂತೆ ಗಂಡನ ಕೈಗೆ ಕಟ್ಟಿದಳು.

ಅವನು ದಡ್ಡನಲ್ಲ. ಗೋಕಾಕದ ಮೋಟಾರ್ ಸ್ಟ್ಯಾಂಡಿನಲ್ಲಿ ಕ್ಲೀನರಾಗಿ ಸೇರಿ, ಕಂಡಕ್ಟರಾಗಿ, ಈಗ ಒಂದು ವರ್ಷದಿಂದ ಸ್ಟ್ಯಾಂಡಿನ ಏಜೆಂಟನಾಗಿದ್ದ. ಹುಕ್ಕೇರಿ, ನಾಗನೂರು, ಮೂಡಲಗಿ, ಧುಪದಾಳ: ಯಾವ ಮೋಟಾರು ಯಾವಾಗ ಬಿಡಬೇಕೆಂದು ಸೀಟಿ ಊದುವವನು ಅವನೇ. ಟಿಕೀಟಿನ ಲೆಕ್ಕ ಬಾಯಲ್ಲೇ ಮಾಡುತ್ತಿದ್ದ. ಯಾವ ಹಳ್ಳಿಯ ಯಾವ ಮುದುಕಿಯನ್ನು ಯಾವ ಗಿಡದ ಕೆಳಗೆ ಇಳಿಸಬೇಕೆಂಬುದೂ ಗೊತ್ತಿತ್ತು. ಗಡಿಯಾರದ ಎರಡು ಮುಳ್ಳಿನ ಸಂಸಾರ ಮಾತ್ರ ಅವನ ತಲೆಗೆ ಹತ್ತಿರಲಿಲ್ಲ. ಕೇಳಬೇಕಾದ ವಯಸ್ಸಿನಲ್ಲಿ ಕೇಳದೆ ಬಿಟ್ಟದ್ದನ್ನು ಮೀಸೆ ಬಂದ ಮೇಲೆ ಯಾರ ಹತ್ತಿರ ಕೇಳುವುದು? ಸ್ಟ್ಯಾಂಡಿನ ಹುಣಸೆ ಗಿಡದ ನೆರಳು ಎದುರಿನ ಚಹಾದಂಗಡಿಯ ಗೋಡೆಯ ಮೇಲೆ ಸರಿಯುವುದನ್ನು ನೋಡಿಯೇ ಅವನು ಇಷ್ಟು ದಿನ ಮೋಟಾರು ಬಿಡುತ್ತಿದ್ದನೆಂದು ಪಾರವ್ವನಿಗೆ ಈಗ ಹೊಳೆಯಿತು. ಕೈಗಡಿಯಾರ ಬರೀ ಜನರ ಕಣ್ಣಿಗೆ.

ಹೇಳಿಕೊಡಬಹುದಿತ್ತು. ಅವಳು ಮೂಡಲಗಿಯ ಸಾಲಿಯಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ತೊಂದರೆ ಇದ್ದದ್ದೇ ಅಲ್ಲಿ. ಮದುವೆಯ ಮಾತು ನಡೆದಾಗ ಮಾಲಿಂಗಪ್ಪನ ಸೋದರತ್ತೆ ನಾಲ್ಕು ಜನರೆದುರು ಅಂದಿದ್ದಳಂತೆ: "ಮುಲ್ಕಿ ಪಾಸಾದಾಕಿ ನಿನ್ನ ಮೂಗಿಗೆ ದಾರ ಹಾಕತಾಳ ನೋಡು." ಅದಕ್ಕೆ ಅವನು, "ಹಾಕಲಿ ತಗೋ, ಎತ್ತಿನಂಗ ಸಾಲ ನೆಟ್ಟಗ ಹೊಡೀತೇನಿ" ಎಂದು ನಕ್ಕಿದ್ದನಂತೆ. ಆ ನಗೆಗೆ ಮಸಿ ಹತ್ತಬಾರದೆಂದು ಪಾರವ್ವ ನಾಲ್ಕು ವರ್ಷದಿಂದ ಕಾಯುತ್ತಿದ್ದಳು. ಗಂಡನೆದುರು ಪತ್ರಿಕೆಯನ್ನೂ ಗಟ್ಟಿಯಾಗಿ ಓದಿದವಳಲ್ಲ.

ಶ್ರಾವಣ ಬಂತು. ಮೋಡ ಕವಿದು ಹುಣಸೆ ಗಿಡದ ನೆರಳು ಗೋಡೆಯಿಂದ ಅಳಿಸಿಹೋಯಿತು. ಗಾಳಿ ಈ ಕಡೆ ಬೀಸಿದರೆ ಗೋಕಾಕ ಫಾಲ್ಸಿನ ನೂಲಿನ ಮಿಲ್ಲು ಊದುವ ಭೋಂಗಾ ಕೇಳುತ್ತಿತ್ತು. ಮಳೆಯ ಸಪ್ಪಳದಲ್ಲಿ ಅದೂ ಕೇಳದಾಯಿತು. ಒಂದು ವಾರದಲ್ಲಿ ಎರಡು ಸಲ ಧುಪದಾಳದ ಮೋಟಾರು ತಡವಾಗಿ ಬಿಟ್ಟಿತು. ಆ ಮೋಟಾರು ಅಲ್ಲಿಯ ಸ್ಟೇಷನ್ನಿನಲ್ಲಿ ರೇಲ್ವೆಗೆ ಜನರನ್ನು ಮುಟ್ಟಿಸುವಂಥದು. ಎರಡೂ ಸಲ ಗಾಡಿ ತಪ್ಪಿತು.

ಡ್ರೈವರ ಕೆಂಚಪ್ಪ ಬಾಗಿಲಲ್ಲಿ ನಿಂತು ನಗುತ್ತಲೇ ಹೇಳಿ ಹೋದ: "ವೈನಿ, ನಿಮ್ಮ ಮನಿಯವರ ಗಡ್ಯಾಳಕ್ಕ ನೆಗಡಿ ಆಗೇತೇನ್ರಿ? ರಾವಸಾಹೇಬ ಮಾಲಕರು ಸಿಟ್ಟಾಗ್ಯಾರ. ಇನ್ನೊಮ್ಮೆ ರೇಲ್ವೆ ತಪ್ಪಿದ್ರ ಏಜೆಂಟನ್ನ ಬದಲ ಮಾಡತೇನಿ ಅಂದ್ರು. ಎಲ್ಲಾರ ಮುಂದ ಅಂದ್ರು."

ಪಾರವ್ವನಿಗೆ ನಟ್ಟದ್ದು ಎಲ್ಲರ ಮುಂದೆ ಎಂಬ ಮಾತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಯಾಕೆ ಹೋಯಿತೆಂದು ಊರಿಗೆ ಗೊತ್ತಾದರೆ ಅವನು ತಲೆ ಎತ್ತಿ ಸ್ಟ್ಯಾಂಡಿನ ಮುಂದೆ ಹಾಯುವವನಲ್ಲ.

ಮರುದಿನ ಬೆಳಿಗ್ಗೆ ಅವಳು ಬೇಕೆಂದೇ ಕೀಲಿ ಕೊಡಲಿಲ್ಲ. "ಗಡ್ಯಾಳ ನಿಂತೈತ್ರಿ, ಬಾಷಾ ಕಾಕಾನ ಕಡೆ ಕೊಟ್ಟು ಬರತೇನಿ" ಎಂದಳು. ಗಂಡನಿಗೆ ಹೇಳಿದ ಮೊದಲ ಸುಳ್ಳು ಅದು. ಹೇಳುವಾಗ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು.

ಖಾದರಬಾಷಾ ಚಹಾದಂಗಡಿಯ ಹತ್ತಿರದ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆಯೇ ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಎದುರಿಗೆ ಕಲೆಕ್ಟರು ಬಂದರೂ ತಲೆ ಎತ್ತುವವನಲ್ಲ. ಒಳಗೆ ಅವನ ಹೆಂಡತಿ ರೋಶನಬಿ ಜೋಳ ಬೀಸುತ್ತಿದ್ದಳು.

ಪಾರವ್ವ ಗಡಿಯಾರ ಮುಂದಿಟ್ಟು, ಮಾತು ತೂಗಿ ತೂಗಿ ಆಡಿದಳು. "ಕಾಕಾ, ಓದಾಕ ಬರದವರಿಗೂ ಹೊತ್ತ ತಿಳಿಯೂ ಹಂಗ ಗಡ್ಯಾಳ ಮಾಡಾಕ ಬರತೈತೇನ್ರಿ? ನಮ್ಮ ಪೈಕಿ ಒಬ್ಬರಿಗೆ ಬೇಕಾಗೇತಿ."

ಮುದುಕ ಗಡಿಯಾರವನ್ನು ನೋಡಿದ. ಅದರ ಪಟ್ಟಿಯನ್ನು ಎರಡು ಸಲ ಹೊಲಿದವನು ಅವನೇ. ಅದು ಯಾರ ಕೈಯದೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಆದರೂ, "ಯಾರು?" ಎಂದು ಕೇಳಲಿಲ್ಲ. ಭೂತಗನ್ನಡಿ ತೆಗೆದು ಒರೆಸಿದ.

"ಮುಂಬೈಯಾಗ ಇದ್ದಾಗ ಒಬ್ಬ ಪಾರ್ಸಿ ಸಾಹೇಬನ ವಾಚ್ ನೋಡಿದ್ದೆ ತಂಗೀ. ಮುಳ್ಳs ಇರಲಿಲ್ಲ. ಮ್ಯಾಲ ಒಂದು ತಗಡು, ತಗಡಿಗೆ ಒಂದು ಸಣ್ಣ ಕಿಂಡಿ. ಒಳಗ ಚಕ್ಕರ ತಿರುಗಿ, ಎಷ್ಟ ಗಂಟೆ ಆಗೇತಿ ಆ ಅಂಕಿ ಕಿಂಡ್ಯಾಗ ಬಂದ ಕುಂಡರತಿತ್ತು. ನಾ ಅವಗ, ವಾಚ್ ಕೆಟ್ಟೈತ್ರಿ ಸಾಹೇಬ, ಮುಳ್ಳ ಬಿದ್ದಾವ ಅಂದೆ. ಅಂವಾ ನಕ್ಕ ನಕ್ಕ ಸಾಯಬೇಕು."

"ಅಂಕಿ ಬದಲಿ," ಎಂದಳು ಪಾರವ್ವ ನಿಧಾನಕ್ಕೆ, "ಆ ಕಿಂಡ್ಯಾಗ ಊರು ಬರಬಹುದೇನ್ರಿ?"

ಒಳಗೆ ಬೀಸುವ ಕಲ್ಲು ನಿಂತಿತು. ರೋಶನಬಿ ಬಾಗಿಲಿಗೆ ಬಂದು ಇಣುಕಿದಳು.

ಪಾರವ್ವ ರಾತ್ರಿಯೆಲ್ಲ ಯೋಚಿಸಿದ್ದನ್ನು ಬಿಡಿಸಿ ಹೇಳಿದಳು. ಮುಂಜಾನೆ ಆರರಿಂದ ಸಂಜೆ ಆರರವರೆಗೆ ಮೋಟಾರು ಓಡುವುದು ಹನ್ನೆರಡು ತಾಸು. ಸಣ್ಣ ಮುಳ್ಳು ಒಂದು ಸುತ್ತು ತಿರುಗುವುದೂ ಹನ್ನೆರಡು ತಾಸು. ಆ ಮುಳ್ಳಿನ ಜಾಗದಲ್ಲಿ ಒಂದು ಚಕ್ಕರ ಕೂಡಿಸಿದರೆ, ಅದರ ಅಂಚಿಗೆ ಆಯಾ ಹೊತ್ತಿಗೆ ಆಯಾ ಊರಿನ ಚಿತ್ರ ಬರೆದರೆ, ಕಿಂಡಿಗೆ ಅಡ್ಡಲಾಗಿ ಒಂದು ಕೂದಲೆಳೆ ಎಳೆದರೆ, ಚಿತ್ರ ಕೂದಲಿನ ಕೆಳಗೆ ಬಂದಾಗ ಸೀಟಿ ಊದಿದರಾಯಿತು.

ಖಾದರಬಾಷಾ ಅವಳನ್ನೇ ನೋಡಿದ. "ಮುಲ್ಕಿ ಅಷ್ಟs ಮಾಡೀಯೋ, ಇಲ್ಲಾ ಮುಂದ ಏನರ ಓದೀಯೋ?"

ಚಿತ್ರ ಬರೆಯಲು ಗೊಂಬೆ ಮಾಡುವವರ ಓಣಿಯ ತಾಯವ್ವನನ್ನು ಕರೆಸಿದರು. ಕಟ್ಟಿಗೆಯ ಗೊಂಬೆಗಳಿಗೆ ಕಣ್ಣು ಬರೆಯುವುದರಲ್ಲಿ ಊರಿಗೆ ಹೆಸರಾದ ವಿಧವೆ. ಅಳಿಲಿನ ಬಾಲದ ಮೂರೇ ಕೂದಲಿನ ಕುಂಚ ಅವಳದು. ಹುಕ್ಕೇರಿಗೆ ಗುಮ್ಮಟ ಬರೆದಳು. ನಾಗನೂರಿಗೆ ಜೋಳದ ತೆನೆ. ಧುಪದಾಳಕ್ಕೆ ನದಿಯ ಒಡ್ಡು: ನೀಲಿಯ ಮೇಲೊಂದು ಬಿಳಿ ಗೆರೆ.

"ಮೂಡಲಗಿಗೆ ಏನ ಬರಿಯೂದು?"

"ಎರಡ ಕವಲಿನ ಬೇವಿನ ಗಿಡ," ಎಂದಳು ಪಾರವ್ವ. ತವರು ಮನೆಯ ಮುಂದಿನ ಗಿಡ. ಅಲ್ಲಿಗೇ ನಿಲ್ಲಿಸಬೇಕೆಂದಿದ್ದವಳ ಬಾಯಿಂದ ಇನ್ನೊಂದು ಮಾತು ಜಾರಿಬಿಟ್ಟಿತು: "ಬುಡಕ್ಕ ಒಂದ ಸೈಕಲ್ ಬಿದ್ದಿರಲಿ."

"ಸೈಕಲ್ ಯಾಕ ಬೀಳತೈತಿ?" ತಾಯವ್ವ ಕುಂಚ ಎತ್ತಿ ಕೇಳಿದಳು.

ಹೆಣ್ಣು ನೋಡಲು ಬಂದ ದಿನ ಮಾಲಿಂಗಪ್ಪ ಕಡ ತಂದ ಸೈಕಲ್ಲನ್ನು ಆ ಗಿಡಕ್ಕೆ ಆನಿಸಿ, ಎರಡು ಹೆಜ್ಜೆ ಇಡುವುದರೊಳಗೆ ಅದು ಧೊಪ್ಪೆಂದು ಬಿದ್ದು, ಅವನು ಯಾರೂ ನೋಡಲಿಲ್ಲವೆಂದುಕೊಂಡು ಎತ್ತಿ ನಿಲ್ಲಿಸಿ, ಅದು ಮತ್ತೆ ಬಿದ್ದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಅದನ್ನೆಲ್ಲ ಯಾರ ಮುಂದೆ ಹೇಳುವುದು? "ಸುಮ್ಮ ಬರೀರಿ" ಎಂದಳು. ತಾಯವ್ವ ಅವಳ ಕೆಂಪಾದ ಮುಖ ನೋಡಿ, ಎರಡು ಚುಕ್ಕೆ ಇಟ್ಟು, ನಡುವೆ ಒಂದು ಗೆರೆ ಎಳೆದಳು.

ಜೋಡಿಸಿ ಕೀಲಿ ತಿರುಗಿಸಿದರೆ ಬೆಳಗಿನ ಹುಕ್ಕೇರಿ ಆದ ಮೇಲೆ ಸಂಜೆಯ ಮೂಡಲಗಿ ಬಂತು. ಅದಾದ ಮೇಲೆ ಮಧ್ಯಾಹ್ನದ ಧುಪದಾಳ.

"ಯಾ ಅಲ್ಲಾ! ಈ ಗಡ್ಯಾಳದಾಗ ಮೋಟಾರೆಲ್ಲಾ ಹಿಂದಕ್ಕ ಹೊಂಟಾವಲ್ಲೋ!" ಎಂದು ಖಾದರಬಾಷಾ ತಲೆ ಮೇಲೆ ಕೈ ಹೊತ್ತ. ಮೂವರೂ ತಿರುಗಿಸಿ ತಿರುಗಿಸಿ ನೋಡಿದರೂ ತಪ್ಪು ಎಲ್ಲಿದೆಯೆಂದು ತಿಳಿಯಲಿಲ್ಲ. ಕೊನೆಗೆ ರೋಶನಬಿ ಒಳಗಿನಿಂದ ಕೂಗಿದಳು: "ಇಲ್ಲಿ ಬರ್ರಿ, ದೊಡ್ಡ ಕಾರೀಗರ." ಬೀಸುವ ಕಲ್ಲಿನ ಮೇಲೆ ನಾಲ್ಕು ಕಾಳು ಸಾಲಾಗಿ ಇಟ್ಟಿದ್ದಳು. "ಮುಳ್ಳ ಆದ್ರ ತಾನs ಬಲಕ್ಕ ನಡದ ಊರಿಗೆ ಹೊಕ್ಕತೈತಿ. ಇಲ್ಲಿ ಕಿಂಡಿ ನಿಂತೈತಿ, ಕಲ್ಲು ತಿರುಗತೈತಿ. ನೋಡ್ರಿ, ಬಲಕ್ಕ ತಿರುವಿದ್ರ ಮುಂದ ಬರೂ ಕಾಳು ಎಡಕ್ಕಿರತೈತಿ. ಊರು ಎಡಕ್ಕ ಬರಕೋತ ಹೋಗ್ರಿ."

"ಮೂವತ್ತ ವರ್ಷ ಆತು," ಎಂದ ಖಾದರಬಾಷಾ, "ಈಕಿನ್ನ ಅಂಗಡ್ಯಾಗ ಕುಂಡರಿಸಿ ನಾ ಜ್ವಾಳ ಬೀಸಬೇಕಾಗಿತ್ತು."

ತಾಯವ್ವ ಚಕ್ಕರ ಒರೆಸಿ ಮತ್ತೆ ಬರೆದಳು. ಕೆಲಸ ಮುಗಿದ ಮೇಲೆ ಪಾರವ್ವ ಅಂಜುತ್ತ ಕೊನೆಯ ಮಾತು ಕೇಳಿದಳು. "ಕಾಕಾ, ಅವರು ಬಂದಾಗ, ಇದನ್ನ ನಾ ಮಾಡಿಸೀನಿ ಅನಬ್ಯಾಡ್ರಿ. ರಿಪೇರಿ ಮಾಡೂ ಮುಂದ ಮುಳ್ಳ ಮುರದಾವು, ಬ್ಯಾರೇ ಸಿಗಲಿಲ್ಲ, ಅದಕ್ಕ ಹಿಂಗ ಮಾಡೀನಿ ಅನ್ರಿ."

ಮೂವತ್ತು ವರ್ಷದಲ್ಲಿ ಮುದುಕನ ಕೈಯಿಂದ ಒಂದು ಮುಳ್ಳೂ ಮುರಿದಿರಲಿಲ್ಲ. ಆ ಮಾತನ್ನು ಅವನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದ. ಪಾರವ್ವನಿಗೆ ತಾನು ಏನು ಕೇಳಿದೆನೆಂಬುದು ಕೇಳಿದ ಮೇಲೆ ತಿಳಿಯಿತು. "ಬ್ಯಾಡ ಬಿಡ್ರಿ" ಎನ್ನುವುದರೊಳಗೆ ಅವನು ಭೂತಗನ್ನಡಿ ಕಣ್ಣಿಗೇರಿಸಿಕೊಂಡು, "ಆತು, ಕಳಸು ಅವನ್ನ" ಎಂದ.

ಮರುದಿನ ನಸುಕಿನಲ್ಲಿ ಮಾಲಿಂಗಪ್ಪ ಸ್ಟ್ಯಾಂಡಿಗೆ ಹೋಗುವ ಮೊದಲು ಅಂಗಡಿಗೆ ಬಂದ. ಪಾರವ್ವ ರೋಶನಬಿಗೆ ಮಜ್ಜಿಗೆ ಕೊಡುವ ನೆವ ಮಾಡಿಕೊಂಡು ಹಿಂದೆಯೇ ಬಂದಿದ್ದಳು. ಮುಳ್ಳಿಲ್ಲದ ಗಡಿಯಾರ ನೋಡಿ ಅವನಿಗೆ ಕೆಟ್ಟ ಸಿಟ್ಟು ಬಂತು.

"ಏನ ಕಾಕಾ ಇದು? ನಮ್ಮ ಮಾವನ ಕಾಲದ್ದು, ಬಸ್ರಾದ್ದು! ನಿಮ್ಮ ಕೈ ನಡಗಾಕತ್ತಾವು ಅಂದ್ರ ಹೇಳಬಾರದೇನು?"

ಚಹಾಕ್ಕೆ ಬಂದ ಇಬ್ಬರು ನಿಂತು ನೋಡಿದರು. ಖಾದರಬಾಷಾ ತಲೆ ತಗ್ಗಿಸಿ, "ವಯಸ್ಸಾತಪಾ" ಎಂದ. ಬಾಗಿಲ ಹಿಂದೆ ಪಾರವ್ವ ಸೆರಗಿನ ತುದಿ ಕಚ್ಚಿ ಹಿಡಿದಳು. ರೋಶನಬಿ ಅವಳ ಬೆನ್ನ ಮೇಲೆ ಕೈ ಇಟ್ಟು, ಹೊರಗೆ ಹೋಗಗೊಡಲಿಲ್ಲ.

"ಈ ಕಿಂಡ್ಯಾಗಿಂದು ಏನು?"

"ಗುಮ್ಮಟ. ಕೂದಲದ ಕೆಳಗ ಬಂದ್ರ ಹುಕ್ಕೇರಿ ಮೋಟಾರ ಬಿಡೂದು. ಆಮ್ಯಾಲ ತೆನಿ ಬರತೈತಿ, ನಾಗನೂರ. ಹಿಂಗs ಸಂಜೀತನಾ."

ಮಾಲಿಂಗಪ್ಪ ಗಡಿಯಾರವನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. "ಹುಡುಗಾಟ ಹಚ್ಚೀರಿ" ಎಂದು ಗೊಣಗಿದ. ಆದರೆ ಕೈಗೆ ಕಟ್ಟಿಕೊಂಡೇ ಹೋದ.

ಆ ದಿನ ಹುಕ್ಕೇರಿ ಮೋಟಾರು ಹೊತ್ತಿಗೆ ಸರಿಯಾಗಿ ಬಿಟ್ಟಿತು. ನಾಗನೂರಿನದೂ. ಸಂಜೆ ಮನೆಗೆ ಬಂದ ಗಂಡನ ಮುಖವನ್ನು ಪಾರವ್ವ ಕದ್ದು ಕದ್ದು ನೋಡಿದಳು; ಅದರಲ್ಲಿ ಏನೂ ಓದಲಾಗಲಿಲ್ಲ.

ಆರು ದಿನ ಕಳೆದವು. ಏಳನೆಯ ದಿನ ಜಡಿಮಳೆ. ಪಾರವ್ವ ಬುತ್ತಿ ಹಿಡಿದು ಸ್ಟ್ಯಾಂಡಿಗೆ ಹೋದಾಗ ಮಾಲಕ ರಾವಸಾಹೇಬರು ಕೊಡೆ ಹಿಡಿದು ಅಲ್ಲಿ ನಿಂತಿದ್ದರು. ದಪ್ಪ ಮನುಷ್ಯ, ದೊಡ್ಡ ಗಂಟಲು. ಅವಳು ಹುಣಸೆ ಗಿಡದ ಬುಡದಲ್ಲಿ ನಿಂತಳು.

"ಎಷ್ಟಾತಲೇ ಮಾಲಿಂಗಾ?"

ಮಾಲಿಂಗಪ್ಪ ಮುಂಗೈ ತಿರುಗಿಸಿದ. "ಧುಪದಾಳ ಆಗಾಕ ಬಂತ್ರಿ."

ಕೂತವರೆಲ್ಲ ಗೊಳ್ಳೆಂದರು. ಕೆಂಚಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ, "ನಮ್ಮ ಏಜೆಂಟರ ಗಡ್ಯಾಳ ತಾಸ ಹೇಳೂದಿಲ್ರಿ ಮಾಲಕರ, ಊರ ಹೇಳತೈತಿ" ಎಂದ. ರಾವಸಾಹೇಬರು ಅವನ ಕೈ ಹಿಡಿದು ಕಿಂಡಿಯೊಳಗೆ ನೋಡಿದರು. ಪಾರವ್ವನ ಕೈಯಲ್ಲಿ ಬುತ್ತಿ ಗಂಟು ಒದ್ದೆಯಾಗುತ್ತಿತ್ತು.

"ಇರಲಿ. ಮೋಟಾರ ಸ್ವಲ್ಪ ನಿಂದರಸು. ನನ್ನ ಬೀಗರು ಬರೂರದಾರ, ಇದs ರೇಲ್ವೆಕ್ಕ ಹೋಗಬೇಕು."

ಮಾಲಿಂಗಪ್ಪ ಮತ್ತೆ ಕಿಂಡಿ ನೋಡಿದ. ಬಿಳಿ ಗೆರೆ ಕೂದಲಿನ ಕೆಳಗೆ ಬಂದು ನಿಂತಿತ್ತು. "ಆಗೂದಿಲ್ರಿ ಮಾಲಕರ. ಧುಪದಾಳ ಆತು" ಎಂದ. ಮಾಲಕರು ಬಾಯಿ ತೆರೆಯುವುದರೊಳಗೆ ಸೀಟಿ ಊದಿಬಿಟ್ಟ. ಕೆಂಚಪ್ಪ ಒಂದು ಕ್ಷಣ ಮಾಲಕರನ್ನು, ಒಂದು ಕ್ಷಣ ಏಜೆಂಟನನ್ನು ನೋಡಿ, ಮೋಟಾರು ಬಿಟ್ಟ. ಕೆಸರು ಸಿಡಿದು ರಾವಸಾಹೇಬರ ಧೋತರಕ್ಕೆ ಹಾರಿತು.

ರಾವಸಾಹೇಬರು ಅಂಗಿಯ ಕಿಸೆಯಿಂದ ಸರಪಳಿ ಎಳೆದು ತಮ್ಮ ಗಡಿಯಾರ ನೋಡಿದರು. "ಒಂದೂವರಿ," ಎಂದರು. ಇನ್ನೊಮ್ಮೆ ನೋಡಿದರು. "ಬರೋಬ್ಬರಿ ಒಂದೂವರಿ. ಮಗನ, ನನ್ನ ಬೀಗರನ್ನs ಬಿಟ್ಟ ಕಳಿಸಿದಿ. ಏಜೆಂಟ್ ಅಂದ್ರ ಹಿಂಗ ಇರಬೇಕು."

ಪಾರವ್ವ ಬುತ್ತಿ ಕೊಡಲು ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಮಾಲಕರು ಕಿಸೆಯಿಂದ ಒಂದು ಚೀಟಿ ತೆಗೆದಿದ್ದರು. "ಇದಕ್ಕs ಬಂದಿದ್ದೆ. ಲಡಾಯಿ ಸಲುವಾಗಿ ಪೆಟ್ರೋಲಿಗೆ ರೇಶನ್ ಹಾಕ್ಯಾರ. ಸೋಮವಾರದಿಂದ ಎರಡ ಮೋಟಾರ ಬಂದ್. ಉಳಿದವುಕ್ಕೆಲ್ಲಾ ಹೊಸಾ ಟೈಮು. ತಗೋ, ಇದರಾಗ ಬರದೈತಿ."

ಸಂಜೆ ಪಾರವ್ವ ಒಲೆ ಹೊತ್ತಿಸಿ ಕೂತಳು. ಹೊಸ ಚಕ್ಕರ ಬರೆಸಬೇಕು. ಅದಕ್ಕೆ ಗಡಿಯಾರ ಮತ್ತೆ ನಿಲ್ಲಬೇಕು. ಖಾದರಬಾಷಾ ಮತ್ತೆ ಏನು ಮುರಿದೆನೆಂದು ಹೇಳಬೇಕು? ಅವಳು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಗಂಡ ಒಳಗೆ ಬಂದು, ಅವಳೆದುರು ಕೂತು, ಗಡಿಯಾರ ಬಿಚ್ಚಿ ನೆಲದ ಮೇಲಿಟ್ಟ. ಅದರ ಬಾಜೂಕ್ಕೆ ಚೀಟಿ ಇಟ್ಟ.

"ಬಾಷಾ ಕಾಕಾ ಮೂಡಲಗಿಗೆ ಎಂದರ ಹೋಗ್ಯಾನೇನು?"

ಪಾರವ್ವ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು.

"ಮೊದಲನೇ ದಿನ ಸಂಜಿಕ ಬೇವಿನ ಗಿಡ ಬಂತು. ಎರಡ ಕವಲಿಂದು. ಇರಲಿ, ಬೇವಿನ ಗಿಡ ಎಲ್ಲಾ ಕಡೆ ಇರತಾವ ಅಂದೆ. ಬುಡಕ್ಕ ನೋಡತೇನಿ, ನನ್ನ ಸೈಕಲ್ ಬಿದ್ದೈತಿ." ಅವನು ಗಡಿಯಾರದ ಕಿಂಡಿಯ ಮೇಲೆ ಬೆರಳಿಟ್ಟ. "ನೀ ನೋಡಿದ್ದಿ ಅಂತ ನನಗ ಗೊತ್ತs ಇರಲಿಲ್ಲ ಪಾರೂ."

"ಎರಡ ಸಲ ಬಿತ್ರಿ" ಎಂದಳು ಅವಳು, ನೆಲ ನೋಡುತ್ತ.

"ಅಲ್ಲಿಂದ ಸೀದಾ ಕಾಕಾನ ಕಡೆ ಹೋದೆ. ಎಲ್ಲಾರ ಮುಂದ ಬೈದಿದ್ನಲ್ಲಾ. ತಪ್ಪಾತು ಕಾಕಾ, ಖರೆ ಹೇಳು ಅಂದೆ. ಯಾವ ಸೈಕಲ್, ಎಲ್ಲಿ ಸೈಕಲ್, ನನಗ ಕಣ್ಣ ಕಾಣವಲ್ದು ಅಂದ. ಮುದುಕ ಬಾಯಿ ಬಿಡಲಿಲ್ಲ."

ಒಲೆಯ ಮೇಲೆ ಸಾರು ಉಕ್ಕಿತು. ಇಬ್ಬರೂ ಅದನ್ನು ನೋಡಿದರು, ಯಾರೂ ಇಳಿಸಲಿಲ್ಲ. ಆಮೇಲೆ ಮಾಲಿಂಗಪ್ಪ ಚೀಟಿಯನ್ನು ಅವಳ ಕಡೆ ಸರಿಸಿದ.

"ಓದಿ ಹೇಳ್ಲೇನ್ರಿ?"

"ಬ್ಯಾಡ. ನೋಡಾಕ ಕಲಸು. ಮುಳ್ಳಿನದ್ದು." ಗಡಿಯಾರವನ್ನೂ ಅವಳ ಕಡೆ ದೂಡಿದ: "ಸಾಲ ನೆಟ್ಟಗ ಹೊಡೀತೇನಿ ಅಂದಿದ್ದೆ. ದಾರ ನೀನs ಹಾಕಲಿಲ್ಲ."

ಪಾರವ್ವ ಬೀಸುವ ಕಲ್ಲಿನ ಹತ್ತಿರ ಹೋದಳು. ಸುತ್ತಲೂ ಹನ್ನೆರಡು ಅವರೆಕಾಳು ಇಟ್ಟಳು. ಕಸಬರಿಗೆಯಿಂದ ಎರಡು ಕಡ್ಡಿ ಎಳೆದು, ಒಂದನ್ನು ಮುರಿದು ಸಣ್ಣದು ಮಾಡಿದಳು. "ಈ ಸಣ್ಣಂದು ಮಾಲಕರು. ಸಾವಕಾಶ ನಡೀತಾರ, ಒಂದ ಕಾಳಿಂದ ಇನ್ನೊಂದ ಕಾಳಿಗೆ ಹೋಗಾಕ ಒಂದ ತಾಸ ಬೇಕು. ಈ ದೊಡ್ಡದು ಏಜೆಂಟರು. ಅಷ್ಟರಾಗ ಇವರದು ಊರೆಲ್ಲಾ ಸುತ್ತಿ ಆಗಿರತೈತಿ."

"ಪಗಾರ ಮಾತ್ರ ಇದ್ದಷ್ಟs," ಎಂದ ಮಾಲಿಂಗಪ್ಪ, ಕಲ್ಲಿನ ಮೇಲೆ ಬಾಗುತ್ತ.

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಭಾನುವಾರದ ಹೊತ್ತಿಗೆ ಅವಳು ಕಡ್ಡಿ ಎಲ್ಲಿಟ್ಟರೂ ಅವನು ಹೊತ್ತು ಹೇಳುತ್ತಿದ್ದ. 'ಕಾಲು ಗಂಟೆ ಕಡಿಮೆ' ಎಂಬಲ್ಲಿ ಮಾತ್ರ ಎಡವುತ್ತಿದ್ದ. ಆ ಸಂಜೆ ಇಬ್ಬರೂ ಖಾದರಬಾಷಾನ ಅಂಗಡಿಗೆ ಹೋದರು.

"ಮುಳ್ಳ ಹಾಕಬೇಕಾಗಿತ್ತು ಕಾಕಾ. ಮುರದಾವು ಅಂದಿದ್ರಿ. ಬೆಳಗಾಂವಿಂದ ತರಸೂಣೇನು?"

ಖಾದರಬಾಷಾ ಹಲಗೆಯ ಸಂದಿಯಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದ. ಒಳಗೆ ಹತ್ತಿಯ ಮೇಲೆ ಎರಡು ಮುಳ್ಳು ಮಲಗಿದ್ದವು. ಒಂದಿಷ್ಟೂ ಗೀರು ಬಿದ್ದಿರಲಿಲ್ಲ.

"ಮೂವತ್ತ ವರ್ಷದಾಗ ಒಂದ ಮುಳ್ಳರ ಮುರದೈತೇನಲೇ ನನ್ನ ಕೈಯಿಂದ?" ಎಂದ. ಚಹಾದಂಗಡಿಯವರೆಗೆ ಕೇಳುವಂತೆ ಗಟ್ಟಿಯಾಗಿ ಎಂದ.

ಬಣ್ಣದ ಚಕ್ಕರ ಪಾರವ್ವನ ಕುಂಕುಮದ ಭರಣಿ ಸೇರಿತು. ಸೋಮವಾರ ನಸುಕಿನಲ್ಲಿ ಅವಳು ಕೀಲಿ ಕೊಟ್ಟು, ಗಾಜು ಒರೆಸಿ, ಪಟ್ಟಿ ಬಿಗಿದಳು. ಮುಳ್ಳು ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ ಗಂಡನನ್ನು ಬಾಗಿಲವರೆಗೆ ಕಳಿಸಲು ಬಂದಳು.

"ಸಂಜಿಕ ಎಷ್ಟಕ್ಕ ಬರತೀರಿ?"

ಮಾಲಿಂಗಪ್ಪ ಮೆಟ್ಟಿಲಿಳಿದು ನಿಂತ. "ಮೂಡಲಗಿ ಆತಂದ್ರ ಬಂದೆ."

"ಹೊಸಾ ಮೂಡಲಗಿಯೋ, ಹಳೇದೋ?"

"ಸೈಕಲ್ ಬಿದ್ದದ್ದು" ಎಂದು, ಹಿಂದಿರುಗಿ ನೋಡದೆ ನಡೆದ.